ಮೆಕ್ಸಿಕೋದ ಜನಪ್ರಿಯ ಹಾಡಿನ ಪ್ರಕಾರವಾದ ರಾಂಚೇರಾದಲ್ಲಿ ಪ್ರೀತಿ ಕಳೆದುಕೊಂಡವನು ಅತ್ತರೆ ಆಕಾಶವೇ ನಡುಗುತ್ತದೆ. ಇಷ್ಟೊಂದು ಉತ್ಪ್ರೇಕ್ಷೆ ಯಾಕೆ?

ಆಕಾಶ ನಡುಗುವುದು ‘ಕುಕುರ್ರುಕುಕು ಪಲೋಮಾ’ದಲ್ಲಿ. ಮೆಕ್ಸಿಕೋದ ತೋಮಾಸ್ ಮೆಂಡೆಸ್ 1954ರಲ್ಲಿ ಬರೆದ ಹಾಡು. ಒಬ್ಬ ರಾತ್ರಿಯೆಲ್ಲಾ ಅಳುತ್ತಾನಂತೆ. ಊಟ ಬಿಟ್ಟು ಬರೀ ಕುಡಿಯುತ್ತಾನಂತೆ. ಅವನು ಸತ್ತ ಮೇಲೆ, ಬಾಗಿಲು ಹಾರುಹೊಡೆದ ಖಾಲಿ ಮನೆಯ ಹತ್ತಿರ ಬೆಳಗಿನ ಜಾವ ಒಂದು ಪಾರಿವಾಳ ಬಂದು ಹಾಡುತ್ತದಂತೆ. ಅದು ಅವನ ಆತ್ಮವೇ ಅಂತೆ.

ಗುಟ್ಟಿರುವುದು ಆ ‘ಅಂತೆ’ಯಲ್ಲಿ. ಸ್ಪ್ಯಾನಿಷ್‌ನಲ್ಲಿ ‘ದೀಸೆನ್ ಕೆ’ ಅಂದರೆ ‘ಹೀಗನ್ನುತ್ತಾರೆ’. ಅಂದರೆ ಬುರುಡೆ ಬಿಡುತ್ತಿರುವುದು ಹಾಡುಗಾರನಲ್ಲ, ಊರ ಜನ! ಆಕಾಶದ ಸಾಲು ಬಂದಾಗ ಅವರು ಸುಮ್ನೆ ಹೇಳುವುದೂ ಇಲ್ಲ, ಆಣೆ ಇಟ್ಟು ಹೇಳುತ್ತಾರೆ. ನಮ್ಮಲ್ಲೂ ಕಟ್ಟೆ ಮೇಲೆ ಕೂತವರ ಬಾಯಲ್ಲಿ ಕಥೆ ಬೆಳೆಯುವುದು ಹೀಗೇ ಅಲ್ವಾ?

ಇನ್ನೊಂದು ಕಾರಣ ನನ್ನ ಲೆಕ್ಕದಲ್ಲಿ ಗಂಡಸಿನ ಜಂಭ. ಸಾಮಾನ್ಯವಾಗಿ ಅಳಬಾರದು ಅಂದುಕೊಂಡವನು ಅಳಲೇಬೇಕಾದರೆ ಸಣ್ಣದಾಗಿ ಅಳುತ್ತಾನೆಯೇ? ಇಂಥ ಹಾಡುಗಳಿಗೆ ನುಡಿಸುವ ಮರಿಯಾಚಿ ವಾದ್ಯಗಾರರ ತುತ್ತೂರಿ, ಪಿಟೀಲಿನ ಮಧ್ಯೆ ‘ಆಯ್ ಆಯ್’ ಎಂದು ಎಳೆಯುವ ರಾಗಕ್ಕೆ ಸಣ್ಣ ದುಃಖ ಸಾಲುವುದೂ ಇಲ್ಲ.

ಆದರೆ ಎಲ್ಲರೂ ಆಕಾಶಕ್ಕೇ ಕೈ ಹಾಕುವುದಿಲ್ಲ. ಇನ್ನೊಬ್ಬ ರಾಂಚೇರಾ ಹಾಡುಗಾರ ಹೊಸೆ ಅಲ್ಫ್ರೆದೊ ಹಿಮೆನೆಸ್‌ನ ‘ಎಯಾ’ (ಅವಳು) ಹಾಡಿನಲ್ಲಿ ಮರಿಯಾಚಿಗಳು ಮೌನವಾಗುತ್ತಾರೆ, ಪ್ರೇಮಿಯ ಸೋತ ಕೈಯಿಂದ ಕುಡಿಯುವ ಲೋಟ ಅವನಿಗೇ ಗೊತ್ತಾಗದಂತೆ ಜಾರಿ ಬೀಳುತ್ತದೆ. ನನಗೆ ಆಕಾಶಕ್ಕಿಂತ ಆ ಲೋಟವೇ ಜಾಸ್ತಿ ತಟ್ಟಿತು.