ಹಾಯಿದೋಣಿಯಲ್ಲಿ ಸಂಸಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ಮಕ್ಕಳೊಂದಿಗೆ ದೇಶ ಸುತ್ತುವವರ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಬಿರುಗಾಳಿಗಿಂತ ಮನೆಯೊಳಗಿನ ತಕರಾರುಗಳೇ ಜಾಸ್ತಿ. ಆಗಲಿ, ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಮೇಡಂ, ನಮ್ಮವರಿಗೆ ಮನೆ ಮಾರಿ ಹಾಯಿದೋಣಿ ಕೊಳ್ಳುವ ಹುಚ್ಚು ಹಿಡಿದಿದೆ. ಮಕ್ಕಳಿಗೆ 3 ಮತ್ತು 7 ವರ್ಷ. ನನಗೆ ಈಜು ಬರುತ್ತದೆ, ಆದರೆ ಧೈರ್ಯ ಇಲ್ಲ. ಬೇಡ ಅಂದರೆ ಅವರ ಆಸೆಗೆ ಕಲ್ಲು ಹಾಕಿದ ಹಾಗೆ, ಹೂಂ ಅಂದರೆ ನನಗೆ ನಿದ್ದೆ ಇಲ್ಲ. ಏನು ಮಾಡಲಿ?

ಉತ್ತರ: ಬೇಡ ಅನ್ನಬೇಡಿ, ಹೂಂ ಅಂತಲೂ ಅನ್ನಬೇಡಿ. ಮನೆ ಮಾರುವ ಮಾತು ಮಾತ್ರ ಇವತ್ತೇ ನಿಲ್ಲಲಿ. ಮನೆಯನ್ನು ಬಾಡಿಗೆಗೆ ಕೊಡಬಹುದು, ದೋಣಿಯನ್ನು ಬಾಡಿಗೆಗೆ ಪಡೆಯಬಹುದು. ಎರಡು ವಾರ ನಾಲ್ಕೂ ಜನ ದೋಣಿಯಲ್ಲಿ ಇದ್ದು ನೋಡಿ. ಬರೀ ಬಿಸಿಲು, ತಂಗಾಳಿ ಇರುವ ದಿನ ಹುಡುಕಿಕೊಂಡು ಹೋಗಬೇಡಿ. ಒಂದೆರಡು ದಿನವಾದರೂ ಮಳೆ ಹೊಡೆದು, ಬಟ್ಟೆ ಒಣಗದೆ, ಮಕ್ಕಳು ಒಳಗೇ ಕೂತು ಕಿತ್ತಾಡುವಂಥ ಕಾಲದಲ್ಲಿ ಹೋಗಿ. ಅದನ್ನು ತಡೆದುಕೊಂಡರೆ ಮುಂದಿನ ಮಾತು.

ದೋಣಿ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಆಳೆತ್ತರದ ಅಲೆ. ಆದರೆ ಇಂಥ ಹೆಚ್ಚಿನ ಕುಟುಂಬಗಳು ವರ್ಷದ ಬಹುಪಾಲು ದಿನ ಯಾವುದೋ ಕೊಲ್ಲಿಯಲ್ಲಿ ಲಂಗರು ಹಾಕಿಕೊಂಡೇ ಇರುತ್ತವೆ. ಬಟ್ಟೆ ಒಗೆಯುವುದು, ಕೆಟ್ಟ ಪಂಪ್ ಬಿಚ್ಚಿ ಜೋಡಿಸುವುದು, ಟ್ಯಾಂಕಿಗೆ ನೀರು ತುಂಬಿಸುವುದು, ಪುಟ್ಟ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಿ ಸಾಮಾನು ಹೊತ್ತು ತರುವುದು, ದಿನ ಕಳೆಯುವುದೇ ಹೀಗೆ. 40 ಅಡಿ ಉದ್ದದ ದೋಣಿ ಗಂಟೆಗೆ 5-6 ನಾಟಿಕಲ್ ಮೈಲಿ, ಅಂದರೆ 9ರಿಂದ 11 ಕಿಲೋಮೀಟರ್ ಹೋದರೆ ಚೆನ್ನಾಗಿಯೇ ಹೋಯಿತು ಅನ್ನಬೇಕು. ಸೈಕಲ್ ಇದಕ್ಕಿಂತ ಬೇಗ ಹೋಗುತ್ತದೆ.

3 ವರ್ಷದ ಮಗು ಇದ್ದ ಮೇಲೆ ಕೆಲವು ವಿಷಯಗಳಲ್ಲಿ ರಾಜಿ ಇಲ್ಲ. ಡೆಕ್‌ಗೆ ಬಂದರೆ ಲೈಫ್ ಜಾಕೆಟ್. ದೋಣಿ ಚಲಿಸುತ್ತಿದ್ದರೆ ಮೈಗೆ ಹಾರ್ನೆಸ್, ಅದರ ಪಟ್ಟಿಯ ಕೊಕ್ಕೆ ದೋಣಿಗೆ. ಸುತ್ತಲಿನ ಕಂಬಿಗೆ ಬಲೆ ಕಟ್ಟಿ, ಮಲಗುವ ಜಾಗದ ಬದಿಗೆ ಗಟ್ಟಿ ಬಟ್ಟೆ ಎಳೆದು ಕಟ್ಟಿ, ಇಲ್ಲದಿದ್ದರೆ ದೋಣಿ ವಾಲಿದಾಗ ಮಗು ಉರುಳಿ ಕೆಳಗೆ ಬೀಳುತ್ತದೆ. ಜನ ಮರೆಯುವ ಇನ್ನೊಂದು ಅಪಾಯ ಅಡುಗೆ ಗ್ಯಾಸ್. ಅದು ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಆಮೇಲೆ ಒಂದು ಕಿಡಿ ಸಾಕು. ಸಿಲಿಂಡರ್ ಹೊರಗಿನ ಪೆಟ್ಟಿಗೆಯಲ್ಲಿರಬೇಕು, ಆ ಪೆಟ್ಟಿಗೆಯ ಅಡಿಯಿಂದ ಗ್ಯಾಸ್ ಹೊರಗೆ ಹರಿದು ಹೋಗಲು ದಾರಿ ಇರಬೇಕು, ಅಡುಗೆ ಮುಗಿದ ಕೂಡಲೇ ಬಂದ್ ಮಾಡಬೇಕು.

ಇನ್ನು ಧೈರ್ಯದ ವಿಷಯ. ರಾತ್ರಿ ನಿಮ್ಮವರು ಕಾಲು ಜಾರಿ ನೀರಿಗೆ ಬಿದ್ದರು ಅಂತಿಟ್ಟುಕೊಳ್ಳಿ. ಬಿದ್ದ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ, ದೋಣಿ ತಿರುಗಿಸಿ, ರೇಡಿಯೋದ 16ನೇ ಚಾನೆಲ್‌ನಲ್ಲಿ ಸಹಾಯ ಕೇಳಲು ನಿಮಗೆ ಬರುತ್ತದೆಯೇ? ಬರಬೇಕು. ನಿಮ್ಮ ಅರ್ಧ ಭಯ ಅಲ್ಲೇ ಹೋಗುತ್ತದೆ. ಆದರೆ ದಯವಿಟ್ಟು ಗಂಡನ ಹತ್ತಿರ ಕಲಿಯಬೇಡಿ, ತರಬೇತಿ ಕೊಡುವ ಬೇರೆಯವರ ಹತ್ತಿರ ಹೋಗಿ. ಯಾಕೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ನನ್ನ ಷರತ್ತು ಒಂದೇ. ಮನೆಯಲ್ಲಿ ಯಾರಿಗೆ ಎಲ್ಲರಿಗಿಂತ ಕಡಿಮೆ ಮನಸ್ಸಿದೆಯೋ ಅವರ ಅಳತೆಗೆ ಪ್ರಯಾಣ ಇರಬೇಕು. ಇವತ್ತು ಗಾಳಿ ಜಾಸ್ತಿ, ಬೇಡ ಅಂತ ನೀವು ಅಂದರೆ ಅವತ್ತು ಹೊರಡುವ ಹಾಗಿಲ್ಲ, ಅದಕ್ಕೆ ಮುಖ ಊದಿಸಿಕೊಂಡು ಕೂರುವ ಹಾಗೂ ಇಲ್ಲ. ಇದಕ್ಕೆ ನಿಮ್ಮವರು ಒಪ್ಪುತ್ತಾರಾ ಅಂತ ಮೊದಲು ಕೇಳಿ. ಒಪ್ಪದಿದ್ದರೆ ನಿಮ್ಮ ಪ್ರಶ್ನೆಗೆ ಅವರೇ ಉತ್ತರ ಕೊಟ್ಟ ಹಾಗಾಯಿತು.

ಪ್ರಶ್ನೆ: ಮನೆಯಲ್ಲಿ ನಾವು ಗಂಡ-ಹೆಂಡತಿ ಜಗಳ ಆಡುವುದೇ ಅಪರೂಪ. ಲಂಗರು ಹಾಕುವಾಗ ಮಾತ್ರ ಪ್ರತಿ ಸಲ ಕೂಗಾಟ. ಅಕ್ಕಪಕ್ಕದ ದೋಣಿಯವರು ನಿಂತು ನೋಡುತ್ತಾರೆ.

ಉತ್ತರ: ನೋಡಲಿ ಬಿಡಿ, ಅವರೂ ಹೋದ ವಾರ ಹೀಗೇ ಕೂಗಾಡಿದವರು. ಒಬ್ಬರು ಮುಂದೆ ಸರಪಳಿಯ ಹತ್ತಿರ, ಇನ್ನೊಬ್ಬರು ಹಿಂದೆ ಚುಕ್ಕಾಣಿಯ ಹತ್ತಿರ, ನಡುವೆ ಎಂಜಿನ್ ಸದ್ದು, ಎದುರುಗಾಳಿ. ಕೇಳಿಸಲಿ ಅಂತ ಕೂಗಿದ್ದು ಬೈದ ಹಾಗೆ ಕೇಳಿಸುತ್ತದೆ. ಬಾಯಿ ಬಿಟ್ಟು ಕೈಸನ್ನೆ ಬಳಸಿ: ಮುಂದೆ, ಹಿಂದೆ, ನಿಲ್ಲಿಸು, ಸರಪಳಿ ಬಿಡುತ್ತಿದ್ದೇನೆ, ಇಷ್ಟು ಸಾಕು. ತಲೆಗೆ ಹಾಕಿಕೊಂಡು ಮಾತಾಡುವ ಹೆಡ್‌ಸೆಟ್ ಕೂಡ ಸಿಗುತ್ತದೆ, ದೋಣಿಯವರು ಅದನ್ನು ಸಂಸಾರ ಉಳಿಸುವ ಯಂತ್ರ ಅಂತ ತಮಾಷೆ ಮಾಡುತ್ತಾರೆ. ಎಲ್ಲಿ ನಿಲ್ಲಬೇಕು, ಎಷ್ಟು ಸರಪಳಿ ಬಿಡಬೇಕು ಅನ್ನುವುದನ್ನು ಕೊಲ್ಲಿಯೊಳಗೆ ಬರುವ ಮೊದಲೇ ಮಾತಾಡಿಕೊಳ್ಳಿ. ಸಾಮಾನ್ಯ ಗಾಳಿಗೆ ಆಳದ 5 ಪಟ್ಟು ಅನ್ನುವ ಲೆಕ್ಕ ಇದೆ. ನೀರಿನಿಂದ ದೋಣಿಯ ಮೂತಿಯವರೆಗಿನ ಎತ್ತರವನ್ನೂ ಉಬ್ಬರದ ನೀರನ್ನೂ ಆ ಆಳಕ್ಕೆ ಸೇರಿಸಿ.

ಇನ್ನೊಂದು ಮಾತು. ಸರಪಳಿ, ಲಂಗರು ಭಾರದ ಕೆಲಸ, ಚುಕ್ಕಾಣಿಗೆ ಅಷ್ಟು ಬಲ ಬೇಡ. ಆದರೂ ಎಷ್ಟೋ ದೋಣಿಗಳಲ್ಲಿ ಹೆಂಡತಿ ಮುಂದೆ ಸರಪಳಿ ಎಳೆಯುತ್ತಿರುತ್ತಾಳೆ, ಗಂಡ ಹಿಂದೆ ನಿಂತು ಆರ್ಡರ್ ಕೊಡುತ್ತಿರುತ್ತಾನೆ. ನಿಮ್ಮಲ್ಲಿ ಹೇಗೆ? ಜಾಗ ಬದಲಿಸಿ ನೋಡಿ. ಹಿಂದಿನ ರಾತ್ರಿ ಪೂರ್ತಿ ಪಯಣ ಇದ್ದು, 3-4 ಗಂಟೆಗಳ ಪಾಳಿಯಲ್ಲಿ ಇಬ್ಬರೂ ಅರೆಬರೆ ನಿದ್ದೆ ಮಾಡಿ ಬಂದಿದ್ದರೆ ಅವತ್ತಿನ ಜಗಳವನ್ನು ಲೆಕ್ಕಕ್ಕೇ ತಗೋಬೇಡಿ.

ಪ್ರಶ್ನೆ: ಮಗನಿಗೆ ದೋಣಿ ಹತ್ತಿದರೆ ವಾಂತಿ. ಇದು ಹೋಗುತ್ತದಾ?

ಉತ್ತರ: ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಮೈ ಒಗ್ಗುತ್ತದೆ. ಒಳಕಿವಿಗೆ ಅಲುಗಾಟ ಗೊತ್ತಾಗುತ್ತದೆ, ಕ್ಯಾಬಿನ್ ಒಳಗಿರುವ ಕಣ್ಣಿಗೆ ಎಲ್ಲ ನಿಂತ ಹಾಗೆ ಕಾಣುತ್ತದೆ, ಈ ತಾಳಮೇಳ ತಪ್ಪುವುದೇ ವಾಂತಿಗೆ ಕಾರಣ. ಹೊರಗೆ ಕೂರಿಸಿ ದೂರದ ದಿಗಂತ ನೋಡಲು ಹೇಳಿ. ಪುಸ್ತಕ, ಮೊಬೈಲ್ ಬೇಡ. ಮಾತ್ರೆಯನ್ನು ಡಾಕ್ಟರ್ ಕೇಳಿ, ಹೊರಡುವ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ಆಂಟಿ, ನನಗೆ 14 ವರ್ಷ. ಅಪ್ಪ-ಅಮ್ಮ ಎರಡು ವರ್ಷ ದೋಣಿಯಲ್ಲಿ ಇರೋಣ ಅಂತಿದ್ದಾರೆ. ತಮ್ಮನಿಗೆ ಖುಷಿ. ನನಗೆ ನನ್ನ ಫ್ರೆಂಡ್ಸ್ ಬಿಟ್ಟು ಹೋಗಲು ಇಷ್ಟ ಇಲ್ಲ. ಎಲ್ಲರೂ ‘ನೀನು ಅದೃಷ್ಟವಂತೆ’ ಅಂತಾರೆ.

ಉತ್ತರ: ಹೋದ ಮೇಲೆ ಇಷ್ಟ ಆಗುತ್ತೆ ಪುಟ್ಟಾ ಅಂತ ನಾನು ಹೇಳುವುದಿಲ್ಲ. ಆಗಬಹುದು, ಆಗದೆಯೂ ಇರಬಹುದು. ನಿನ್ನ ತಮ್ಮನ ವಯಸ್ಸಿಗೆ ಅಪ್ಪ-ಅಮ್ಮ ಹತ್ತಿರ ಇದ್ದರೆ ಅದೇ ಪ್ರಪಂಚ, 14ಕ್ಕೆ ಹಾಗಲ್ಲ. ದೋಣಿ ಮಕ್ಕಳು ಒಂದೇ ಸಂಜೆಯಲ್ಲಿ ಸ್ನೇಹ ಮಾಡಿಕೊಳ್ಳುತ್ತಾರೆ ಅಂತ ದೊಡ್ಡವರು ಹೆಮ್ಮೆಯಿಂದ ಹೇಳುತ್ತಾರೆ. ನಿಜವೇ. ಆದರೆ ಮುಂದಿನ ವಾರ ಆ ದೋಣಿ ಒಂದು ಕಡೆ, ಈ ದೋಣಿ ಇನ್ನೊಂದು ಕಡೆ, ಅದನ್ನು ಮಾತ್ರ ಹೇಳುವುದಿಲ್ಲ.

ಲಾರಾ ಡೆಕ್ಕರ್ ಅನ್ನುವ ಡಚ್ ಹುಡುಗಿಯ ಕಥೆಯನ್ನೂ ನಿನಗೆ ಹೇಳಿಯೇ ಇರುತ್ತಾರೆ. 1995ರಲ್ಲಿ ನ್ಯೂಜಿಲೆಂಡ್‌ನಲ್ಲಿ, ಅಪ್ಪ-ಅಮ್ಮ ದೋಣಿ ಪ್ರಯಾಣದಲ್ಲಿ ಇದ್ದಾಗ ಹುಟ್ಟಿದವಳು. ಒಬ್ಬಳೇ ಭೂಮಿ ಸುತ್ತುತ್ತೇನೆ ಅಂತ ಹೊರಟಾಗ ಮಕ್ಕಳ ರಕ್ಷಣೆಯ ಅಧಿಕಾರಿಗಳು ತಡೆದರು, ವಿಷಯ ಕೋರ್ಟಿಗೆ ಹೋಯಿತು. ಕೊನೆಗೆ 2010ರಲ್ಲಿ, 14ನೇ ವಯಸ್ಸಿನಲ್ಲಿ ಹೊರಟು 2012ರ ಜನವರಿಯಲ್ಲಿ, 16ನೇ ವಯಸ್ಸಿನಲ್ಲಿ ಮುಗಿಸಿದಳು. ಅವಳು ಹೋಗಲೇಬೇಕು ಅಂತ ಕೋರ್ಟಿನವರೆಗೆ ಹೋರಾಡಿದವಳು. ನೀನು ಬೇಡ ಅನ್ನುತ್ತಿದ್ದೀಯ. ಇಬ್ಬರದೂ ಒಂದೇ ವಯಸ್ಸು ಅನ್ನುವುದು ಬಿಟ್ಟರೆ ಆ ಉದಾಹರಣೆಯಿಂದ ನಿನಗೇನೂ ಪ್ರಯೋಜನವಿಲ್ಲ.

ಅಳುವುದಕ್ಕಿಂತ ಚೌಕಾಸಿ ಮಾಡು. ವಾಪಸ್ ಬರುವ ತಿಂಗಳು ಬರವಣಿಗೆಯಲ್ಲಿ ಇರಲಿ. ಬಾಗಿಲು ಹಾಕಿಕೊಳ್ಳಬಹುದಾದ ಕ್ಯಾಬಿನ್ ನಿನಗೇ ಬೇಕು ಅನ್ನು, ಎಷ್ಟೇ ಚಿಕ್ಕದಾದರೂ ಪರವಾಗಿಲ್ಲ. ಈಗ ಉಪಗ್ರಹದಿಂದ ನಡುಸಮುದ್ರದಲ್ಲೂ ಇಂಟರ್‌ನೆಟ್ ಸಿಗುತ್ತದೆ, ಗೆಳತಿಯರ ಜೊತೆ ಮಾತಾಡುವ ಸಮಯ ಇಷ್ಟು ಅಂತ ಮೊದಲೇ ಗೊತ್ತು ಮಾಡಿಕೋ. ಪಾತ್ರೆ ತೊಳೆಯುವುದು, ತಮ್ಮನನ್ನು ನೋಡಿಕೊಳ್ಳುವುದು ಮಾತ್ರ ನಿನ್ನ ಪಾಲಿಗೆ ಬಂದರೆ ಒಪ್ಪಬೇಡ. ಹವಾಮಾನ ನೋಡುವುದು, ರೇಡಿಯೋ, ದಾರಿ ಗುರುತಿಸುವುದು, ಇವುಗಳಲ್ಲಿ ಒಂದು ನಿನ್ನ ಕೆಲಸ ಆಗಲಿ. ಮತ್ತೆ, ಆರು ತಿಂಗಳಾದರೂ ಒಗ್ಗದಿದ್ದರೆ ನಿನ್ನ ಓದಿಗೆ ಬೇರೆ ಏರ್ಪಾಡು ಮಾಡುತ್ತೇವೆ ಅನ್ನುವ ಮಾತೂ ಬೇಕು. ಈ ಪುಟ ಅವರಿಗೆ ತೋರಿಸು. ಸಿಟ್ಟು ಬಂದರೆ ನನ್ನ ಮೇಲೆ ಬರಲಿ.

ಪ್ರಶ್ನೆ: ದೋಣಿಯಲ್ಲಿ ಮಕ್ಕಳ ಓದು ಹೇಗೆ? ಸಮುದ್ರವೇ ಶಾಲೆ ಅಂತಾರಲ್ಲ?

ಉತ್ತರ: ಸಮುದ್ರ ಭಿನ್ನರಾಶಿ ಹೇಳಿಕೊಡುವುದಿಲ್ಲ. ನಾಲ್ಕಾರು ಮಕ್ಕಳಷ್ಟೇ ಇದ್ದರೆ ಬೆಳಿಗ್ಗೆ ಎರಡು ಮೂರು ಗಂಟೆ ಕೂತು ಓದಿದರೂ ತುಂಬ ಮುಂದೆ ಹೋಗಬಹುದು, ಆದರೆ ದಿನಾ ಕೂರಬೇಕು, ಅದೂ ಲಂಗರು ಹಾಕಿದಾಗ. ಹೊರಡುವ ಮೊದಲು ನಿಮ್ಮ ದೇಶದ ಕಾನೂನು ನೋಡಿ. ಜರ್ಮನಿಯಂಥ ಕಡೆ ಮಕ್ಕಳು ಶಾಲೆಗೆ ಹೋಗಲೇಬೇಕು, ಮನೆಪಾಠಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಇಲ್ಲ.

ಪ್ರಶ್ನೆ: ನಡುಸಮುದ್ರದಲ್ಲಿ ಮಗುವಿಗೆ ಜ್ವರ ಬಂದರೆ?

ಉತ್ತರ: 2014ರಲ್ಲಿ ಹೀಗೇ ಆಯಿತು. ಮೆಕ್ಸಿಕೋ ತೀರದಿಂದ ಸುಮಾರು 900 ಮೈಲಿ ದೂರದಲ್ಲಿದ್ದ ದೋಣಿಯಲ್ಲಿ ಒಂದು ವರ್ಷದ ಮಗುವಿಗೆ ಜ್ವರ, ಮೈಮೇಲೆ ದದ್ದು. ಔಷಧಿಗೆ ಬಗ್ಗಲಿಲ್ಲ. ದೋಣಿಯೂ ತೊಂದರೆಯಲ್ಲಿತ್ತು. ಸಹಾಯ ಕೇಳಿದಾಗ ಅಮೆರಿಕದ ರಕ್ಷಣಾ ಸಿಬ್ಬಂದಿ ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಇಳಿದರು, ಆಮೇಲೆ ಯುದ್ಧನೌಕೆ ಬಂದು ಎಲ್ಲರನ್ನೂ ಕರೆದೊಯ್ಯಿತು. ಅವರ ಮನೆಯೇ ಆಗಿದ್ದ ದೋಣಿಯನ್ನು ಅಲ್ಲೇ ಮುಳುಗಿಸಬೇಕಾಯಿತು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇ ತಪ್ಪು ಅಂತ ಜನ ಆ ಅಪ್ಪ-ಅಮ್ಮನನ್ನು ಬಾಯಿಗೆ ಬಂದ ಹಾಗೆ ಬೈದರು. ದೋಣಿ ಹೋದರೂ ಸರಿ ಅಂತ ಸಹಾಯ ಕೇಳಿದ್ದು ಸರಿಯಾದ ಕೆಲಸ ಅನ್ನುತ್ತೇನೆ ನಾನು.

ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲಿ, ಹೆಚ್ಚುಕಡಿಮೆ ಮೂರು ವಾರ. ಮಧ್ಯದಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ. ಮಗು ತೀರಾ ಚಿಕ್ಕದಿದ್ದರೆ ಇಂಥ ದಾಟು ಯಾಕೆ ಬೇಕು? ತೀರದಗುಂಟ ಹೋದರೂ ಅದು ದೋಣಿ ಜೀವನವೇ. ಹೋಗಲೇಬೇಕೆಂದರೆ ಮಕ್ಕಳ ಡಾಕ್ಟರ್ ಜೊತೆ ಕೂತು ಔಷಧಿ ಪೆಟ್ಟಿಗೆ ಸಿದ್ಧ ಮಾಡಿ, ಪ್ರತಿ ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ಬರೆಸಿಕೊಳ್ಳಿ. ಉಪಗ್ರಹ ಫೋನ್ ಇರಲಿ, ಉಪಗ್ರಹಕ್ಕೆ ತುರ್ತು ಸಂಕೇತ ಕಳಿಸುವ ಈಪರ್ಬ್ ಇರಲಿ. ಅದನ್ನು ನಿಮ್ಮ ಹೆಸರಲ್ಲಿ ನೋಂದಾಯಿಸಲು ಮರೆಯಬೇಡಿ.

ಪ್ರಶ್ನೆ: ಮಗ, ಸೊಸೆ, ಮೊಮ್ಮಕ್ಕಳು ದೋಣಿಯಲ್ಲಿದ್ದಾರೆ. ಮೊಬೈಲ್‌ನಲ್ಲಿ ಅವರ ದೋಣಿಯ ಚುಕ್ಕೆ ನೋಡುತ್ತಿರುತ್ತೇನೆ. ಅದು ನಿಂತರೆ ಜೀವ ಹೋದ ಹಾಗಾಗುತ್ತದೆ. ಒಮ್ಮೆ ಹೋಗಿ ನೋಡಿ ಬರಲೇ?

ಉತ್ತರ: ಅಮ್ಮಾ, ಆ ಚುಕ್ಕೆ ಚಲಿಸಬೇಕಾದರೆ ದೋಣಿಯ ರೇಡಿಯೋ ಸಂಕೇತ ಯಾರಿಗಾದರೂ ಸಿಗಬೇಕು. ದಡದಿಂದ ದೂರ ಹೋದರೆ ಸಿಗುವುದಿಲ್ಲ, ಚುಕ್ಕೆ ಇದ್ದಲ್ಲೇ ಉಳಿಯುತ್ತದೆ. ದೋಣಿ ನಿಂತಿದೆ ಅಂತಲ್ಲ. ದೋಣಿಯ ಹೆಸರು, ಅದರ 9 ಅಂಕಿಯ ರೇಡಿಯೋ ಗುರುತಿನ ಸಂಖ್ಯೆ, ಎಷ್ಟು ಹೊತ್ತು ಸುದ್ದಿ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮಗನಿಂದ ಬರೆಸಿ ಇಟ್ಟುಕೊಳ್ಳಿ. ಅಷ್ಟು ಹೊತ್ತು ಆಗುವವರೆಗೆ ಆರಾಮಾಗಿರಿ.

ಖಂಡಿತ ಹೋಗಿ ಬನ್ನಿ. ಆದರೆ ಇಂಥ ದಿನ ಇಂಥ ಬಂದರಿಗೇ ಬಾ ಅಂತ ಮಗನಿಗೆ ಹೇಳಬೇಡಿ. ಅಮ್ಮ ಕಾಯುತ್ತಾಳೆ ಅಂತ ಕೆಟ್ಟ ಗಾಳಿಯಲ್ಲೂ ಹೊರಟು ಬಿಡುತ್ತಾನೆ. ದಿನ ನೀವು ಹೇಳಿ, ಜಾಗ ಅವನು ಹೇಳಲಿ, ಟಿಕೆಟ್ ಕೊನೆಯಲ್ಲಿ ತೆಗೆಸಿ. ಗಟ್ಟಿ ಸೂಟ್‌ಕೇಸ್ ಬೇಡ, ದೋಣಿಯಲ್ಲಿ ಅದನ್ನು ಇಡಲು ಜಾಗವೇ ಇರುವುದಿಲ್ಲ. ಮಡಚಿ ಇಡಬಹುದಾದ ಬಟ್ಟೆಯ ಬ್ಯಾಗ್ ತಗೊಂಡು ಹೋಗಿ.