ಸತ್ತ ಮೀನು, ಬದುಕಿದ ಜೀವಕೋಶ

ಘಟಪ್ರಭೆಯಲ್ಲಿ ಮೀನುಗಳು ಸತ್ತು ತೇಲಿವೆ, ಆ ನೀರನ್ನು ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶಗಳಿಗೆ ಹಾಕಿದರೆ ಕಾರಣ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗಬಹುದು, ಪೂರ್ತಿ ದಾರಿ ತಪ್ಪಿಸಲೂಬಹುದು. ನನ್ನದು ಮುಧೋಳ ತಾಲ್ಲೂಕು. ಬೆಳಗಾವಿಯ ಒಂದು ಲ್ಯಾಬ್‌ನಲ್ಲಿ ಮೂರು ವರ್ಷ ಇದೇ ಕೆಲಸ ಮಾಡಿದ್ದೇನೆ.

ನದಿಯ ನೀರನ್ನು ಹಾಗೆಯೇ ಸುರಿಯುವಂತಿಲ್ಲ. ಅದರಲ್ಲಿನ ಬ್ಯಾಕ್ಟೀರಿಯಾಗಳು ಜೀವಕೋಶಗಳನ್ನು ಮುಗಿಸಿಬಿಡುತ್ತವೆ. 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಬೇಕು. ಆಗ ಕೆಸರಿಗೆ ಅಂಟಿದ ವಿಷವೂ ಫಿಲ್ಟರ್‌ನಲ್ಲೇ ಉಳಿಯುತ್ತದೆ. ಸೋಸಿದ್ದನ್ನು 96 ಗುಳಿಗಳ ಪ್ಲೇಟಿಗೆ ಹಾಕಿ, ಒಂದು ದಿನ ಬಿಟ್ಟು, ಎಂಟಿಟಿ ಎಂಬ ಹಳದಿ ದ್ರಾವಣ ಸೇರಿಸುತ್ತೇವೆ. ಬದುಕಿರುವ ಜೀವಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಕಡಿಮೆಯಾದಷ್ಟೂ ಪೆಟ್ಟು ಹೆಚ್ಚು.

ಒಮ್ಮೆ ಕಂದು ಬಣ್ಣದ ಮಾದರಿಯೊಂದರಲ್ಲಿ ನನ್ನ ಜೀವಕೋಶಗಳು ಮೊದಲಿಗಿಂತ ಗಟ್ಟಿಯಾದಂತೆ ಕಂಡವು. ಹಿಗ್ಗಿ ತೋರಿಸಿದೆ. ‘ಜೀವಕೋಶವೇ ಇಲ್ಲದ ಗುಳಿ ಎಲ್ಲಿಟ್ಟಿದ್ದೀಯಪ್ಪ?’ ಎಂದರು ಗುರುಗಳು. ಇಟ್ಟಿರಲಿಲ್ಲ. ಇಟ್ಟು ನೋಡಿದಾಗ ಆ ಮಾದರಿ ತಾನೇ ಎಂಟಿಟಿಯನ್ನು ನೇರಳೆ ಮಾಡುತ್ತಿತ್ತು. ಒಂದು ವಾರದ ಕೆಲಸ ಸಿಂಕಿಗೆ ಹೋಯಿತು.

ವಿಷಗಳಲ್ಲೂ ಬಗೆಗಳಿವೆ. ಕ್ರೋಮಿಯಂ ಲೋಹದ ಒಂದು ರೂಪವಾದ ಕ್ರೋಮೇಟ್ ನೋಡಲು ಸಲ್ಫೇಟಿನಂತಿರುವುದರಿಂದ ಸಲ್ಫೇಟಿನ ಬಾಗಿಲಲ್ಲೇ ಒಳನುಗ್ಗಿ ಡಿಎನ್‌ಎ ಕೆಡಿಸುತ್ತದೆ. ಪ್ಲೇಟಿನಲ್ಲಿ ಸಿಕ್ಕಿಬೀಳುವ ಕಳ್ಳ ಇದು. ಹೊಲಗಳಲ್ಲಿ ಹೊಡೆಯುವ ಕೀಟನಾಶಕ ಕ್ಲೋರ್‌ಪೈರಿಫಾಸ್ ಹಾಗಲ್ಲ. ಯಕೃತ್ತಿನ ಕಿಣ್ವಗಳು ಅದನ್ನು ಆಕ್ಸಾನ್ ರೂಪಕ್ಕೆ ತಿರುಗಿಸಿದ ಮೇಲೆಯೇ ಅದರ ನಿಜವಾದ ವಿಷ ಹೊರಬರುವುದು, ಅದೂ ನರಗಳ ಮೇಲೆ. ಆ ಕಿಣ್ವಗಳಿಲ್ಲದ ಜೀವಕೋಶದ ಮುಂದೆ ಅದು ಸಾಧುವಿನಂತೆ ಕೂರುತ್ತದೆ.

ನಮ್ಮ ಕಡೆ ಕಬ್ಬು ನುರಿಸುವ ಕಾಲದಲ್ಲಿ ನನಗೆ ಮೊದಲು ಅನುಮಾನ ಬರುವುದು ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ಪಾಕ, ಕಾಕಂಬಿಯ ಮೇಲೆ. ಅದು ನದಿಗೆ ಸೇರಿದರೆ ಸೂಕ್ಷ್ಮಾಣುಗಳು ಸಕ್ಕರೆ ತಿಂದು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಅದೇ ನೀರು ಸೋಸಿ ಪ್ಲೇಟಿಗೆ ಬಂದಾಗ ಸೂಕ್ಷ್ಮಾಣುಗಳು ಇರುವುದಿಲ್ಲ, ಇನ್‌ಕ್ಯುಬೇಟರಿನ ಗಾಳಿ ಮಾತ್ರ ಧಾರಾಳ. ಜೀವಕೋಶಗಳು ಹಾಯಾಗಿರುತ್ತವೆ, ವರದಿಯಲ್ಲಿ ‘ವಿಷವಿಲ್ಲ’ ಎಂದು ಬರುತ್ತದೆ. ಮೀನಿನ ಕಿವಿರಿನ ಜೀವಕೋಶಗಳನ್ನೇ ಬಳಸುವ ಪರೀಕ್ಷೆಗೆ 2021ರಲ್ಲಿ ಹಲವು ದೇಶಗಳ ಒಕ್ಕೂಟವಾದ ಒಇಸಿಡಿ ಮಾನ್ಯತೆ ಕೊಟ್ಟಿದೆ. ಈ ಮಟ್ಟಿಗೆ ಅದೂ ನೆರವಾಗದು.

ಆದ್ದರಿಂದ ಮುಂದಿನ ಸಲ ಮೀನು ತೇಲಿದ ದಿನವೇ ನದಿಯ ದಡದಲ್ಲೇ ಆಮ್ಲಜನಕ ಅಳೆಸಿ. ಬಾಟಲಿಯನ್ನು ಗುಳ್ಳೆ ನಿಲ್ಲದಂತೆ ಕಂಠಪೂರ್ತಿ ತುಂಬಿ, ನೀರಿನ ಆಮ್ಲಜನಕವನ್ನು ಹಿಡಿದಿಡುವ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ಅಲ್ಲಿಯೇ ಸೇರಿಸಬೇಕು. ಬರಿಯ ನೀರನ್ನು ಬಸ್ಸಿನಲ್ಲಿ ಬೆಳಗಾವಿಗೆ ಕಳಿಸಿದರೆ ನನ್ನಂಥವರು ಚೆಂದದ ನೇರಳೆ ಪ್ಲೇಟಿನ ಫೋಟೊ ಕಳಿಸಿಯಾರು, ಅಷ್ಟೆ.