ಪ್ರೇಮ ಕಾದಂಬರಿ ಓದೋದು ಟೈಮ್ ವೇಸ್ಟಾ?

ಪ್ರಶ್ನೆ: ನನಗೆ 46 ವರ್ಷ. ಶಿವಮೊಗ್ಗದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಪಿಯುಸಿ ದಿನಗಳಿಂದಲೂ ಪ್ರೇಮ ಕಾದಂಬರಿ ಓದುವ ಅಭ್ಯಾಸ. ಈಗಲೂ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಒಂದು ಗಂಟೆ ಓದಿದರೇನೇ ನಿದ್ದೆ ಬರೋದು. ಮೊನ್ನೆ ಮನೆಗೆ ಬಂದಿದ್ದ ನಮ್ಮ ಭಾವನವರು ಮೇಜಿನ ಮೇಲಿದ್ದ ಪುಸ್ತಕ ನೋಡಿ, ‘ಇಷ್ಟು ಓದಿಕೊಂಡವರು ಇಂಥದ್ದನ್ನೆಲ್ಲ ಓದ್ತೀರಾ? ಕಾರಂತರದ್ದೋ ಭೈರಪ್ಪನವರದ್ದೋ ಓದಬಾರದಾ?’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವತ್ತಿನಿಂದ ಪುಸ್ತಕಕ್ಕೆ ಹಳೇ ಕ್ಯಾಲೆಂಡರ್ ಹಾಳೆ ಹೊದಿಸಿ ಓದುತ್ತಿದ್ದೇನೆ. ನಿಜ ಹೇಳಿ, ಇವುಗಳಿಂದ ಏನಾದರೂ ಪ್ರಯೋಜನ ಇದೆಯಾ?

ಉತ್ತರ: ಮೊದಲು ಆ ಕ್ಯಾಲೆಂಡರ್ ಹಾಳೆ ತೆಗೆದುಬಿಡಿ. ನೀವು ಮುಚ್ಚಿಡಬೇಕಾದ್ದು ಏನೂ ಇಲ್ಲ.

ನಾನು 28 ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಯಾವ ಪುಸ್ತಕವನ್ನು ಜನ ನಿಜವಾಗಿ ಓದುತ್ತಾರೆ ಅನ್ನೋದು ಅದರ ಮೈ ನೋಡಿದರೇ ಗೊತ್ತಾಗುತ್ತದೆ. ಪ್ರೇಮ ಕಾದಂಬರಿಗಳ ಹೊಲಿಗೆ ಬಿಟ್ಟಿರುತ್ತಿತ್ತು. ಅರಿಸಿನದ ಬೆರಳಚ್ಚು ಇರುತ್ತಿತ್ತು. ತಾರೀಕು ಒತ್ತುವ ಚೀಟಿ ಭರ್ತಿಯಾಗಿ ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿರುತ್ತಿದ್ದೆವು. ಒಂದು ಪುಸ್ತಕ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಯಕಿ ಮದುವೆ ಬೇಡ ಅನ್ನುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ‘ಸರಿಯಾಗಿ ಹೇಳಿದಳು’ ಅಂತ ಬರೆದಿದ್ದರು. ಅದರ ಕೆಳಗೆ ಬೇರೆ ಅಕ್ಷರದಲ್ಲಿ, ‘ಹೇಳೋದು ಸುಲಭ’ ಅಂತ. ಇನ್ನೂ ಕೆಳಗೆ ಮೂರನೆಯವರು, ‘ನಾನು ಹೇಳಿದ್ದೇನೆ’ ಅಂತ. ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದು, ನಿಜ. ಆದರೆ ಆ ಪುಟದ ಮೇಲೆ ರಬ್ಬರ್ ಆಡಿಸಲು ನನಗೆ ಕೈ ಬರಲಿಲ್ಲ. ಮುಖವನ್ನೇ ನೋಡದ ಮೂವರು ಹೆಂಗಸರು ಅಲ್ಲಿ ಕೂತು ಮಾತಾಡಿಕೊಂಡಿದ್ದರು.

ನಿಮ್ಮ ಭಾವನವರಿಗೆ ಒಂದು ಮಾತು ಹೇಳಬಹುದು. ‘ಕಾದಂಬರಿ’ ಅನ್ನುವ ಪದವೇ ಒಂದು ಪ್ರೇಮಕಥೆಯಿಂದ ಬಂದದ್ದು. ಏಳನೆಯ ಶತಮಾನದಲ್ಲಿ, ಹರ್ಷನ ಆಸ್ಥಾನದಲ್ಲಿದ್ದ ಬಾಣ ಸಂಸ್ಕೃತದಲ್ಲಿ ಬರೆದ ಕಥೆಯ ನಾಯಕಿಯ ಹೆಸರು ಕಾದಂಬರಿ. ಜನ್ಮಾಂತರ ದಾಟಿ ಬರುವ ಪ್ರೀತಿಯ ಕಥೆ ಅದು. ಅದನ್ನು ನಾಗವರ್ಮ ಕನ್ನಡಕ್ಕೆ ತಂದ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಅದರಲ್ಲಿ ಎಳೆಯ ವಿಧವೆಯೊಬ್ಬಳಿಗೆ ಮತ್ತೆ ಮದುವೆಯಾಗುತ್ತದೆ. ಅಂದರೆ ನಮ್ಮಲ್ಲಿ ಕಾದಂಬರಿ ಶುರುವಾದದ್ದೇ ‘ಈ ಹುಡುಗಿ ಯಾರನ್ನು ಮದುವೆಯಾಗಬಹುದು, ಅದನ್ನು ಯಾರು ತೀರ್ಮಾನಿಸಬೇಕು’ ಅನ್ನುವ ಪ್ರಶ್ನೆಯಿಂದ. ಇದನ್ನು ಸಣ್ಣ ವಿಷಯ ಅನ್ನುವುದು ಹೇಗೆ? ಮನೆ, ಆಸ್ತಿ, ಜಾತಿ, ಮರ್ಯಾದೆ ಎಲ್ಲವೂ ಬಂದು ಸೇರುವುದು ಆ ಒಂದು ತೀರ್ಮಾನದಲ್ಲೇ ಅಲ್ವಾ?

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ತ್ರಿವೇಣಿಯವರ ‘ಬೆಳ್ಳಿಮೋಡ’. 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದರಿಂದ ಕಥೆ ಬಹಳ ಜನರಿಗೆ ಗೊತ್ತು. ಇಂದಿರಾ ಎಸ್ಟೇಟಿನ ಒಡೆಯರ ಒಬ್ಬಳೇ ಮಗಳು. ಮೋಹನ್ ಜೊತೆ ಮದುವೆ ಅಂತ ಮಾತಾಗುತ್ತದೆ. ಅವನನ್ನು ಓದಲು ಅಮೆರಿಕಕ್ಕೆ ಕಳಿಸುವ ಖರ್ಚು ಹುಡುಗಿಯ ಅಪ್ಪನದು. ಅವನು ಬರುವುದರೊಳಗೆ ಈ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ. ಮೋಹನನ ಮನಸ್ಸು ಹಿಂದೆ ಸರಿಯುತ್ತದೆ. ಮುಂದೆ ಅವನಿಗೆ ಕಾಲು ಮುರಿದಾಗ ಆರೈಕೆ ಮಾಡುವವಳು ಇಂದಿರಾನೇ. ಈಗ ಅವನಿಗೆ ನಿಜವಾಗಿಯೂ ಅವಳು ಬೇಕು ಅನ್ನಿಸುತ್ತದೆ, ಕೇಳುತ್ತಾನೆ. ಅವಳು ಒಪ್ಪುವುದಿಲ್ಲ.

ಆ ನಿರಾಕರಣೆಯಲ್ಲಿ ಕೂಗಾಟ ಇಲ್ಲ, ಸೇಡು ಇಲ್ಲ. ಸೇವೆ ಮಾಡಿದ್ದು ಮನುಷ್ಯತ್ವಕ್ಕೆ, ಮದುವೆ ಬೇರೆ ವಿಷಯ ಅನ್ನುವ ತಿಳಿವಳಿಕೆ ಇದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ, ಬದುಕಿದ್ದು 34 ವರ್ಷ ಮಾತ್ರ. 1963ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಬಾಣಂತಿಯ ಮಾನಸಿಕ ಕಾಯಿಲೆಯ ಬಗ್ಗೆ, ಗುಣವಾಗಿ ಬಂದ ಮೇಲೂ ಅವಳನ್ನು ಮನೆಯವರು ನೋಡುವ ರೀತಿಯ ಬಗ್ಗೆ ‘ಶರಪಂಜರ’ ಬರೆದಿದ್ದರು. ವಿಷಯ ಎತ್ತಿದರೆ ಬಾಯಿ ಮುಚ್ಚಿಸುತ್ತಿದ್ದ ಕಾಲ ಅದು. ಇಂಥ ಬರವಣಿಗೆಯನ್ನು ‘ಅಡುಗೆಮನೆ ಸಾಹಿತ್ಯ’ ಅಂತ ಕರೆದವರಿದ್ದಾರೆ. ನನಗೆ ಇವತ್ತಿಗೂ ಆ ಮಾತು ಕೇಳಿದರೆ ಬೇಜಾರಾಗುತ್ತದೆ.

ಹೊರದೇಶದ್ದು ಬೇಕೆಂದರೆ ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಇದೆ. ಪ್ರೇಮಕಥೆ ಅಂತ ಎಲ್ಲರೂ ಓದುತ್ತಾರೆ. ಅದರೊಳಗೆ ಇರುವುದು ದುಡ್ಡಿನ ಲೆಕ್ಕ. ಐದು ಜನ ಹೆಣ್ಣುಮಕ್ಕಳು. ಅಪ್ಪನ ಆದಾಯ ವರ್ಷಕ್ಕೆ 2,000 ಪೌಂಡ್. ಅವನು ಸತ್ತರೆ ಮನೆಮಠ ಎಲ್ಲಾ ಗಂಡು ದಾಯಾದಿಗೆ ಹೋಗುತ್ತದೆ. ಹಾಗಿದ್ದೂ ಎಲಿಜಬೆತ್ ಆ ದಾಯಾದಿಯನ್ನೇ ಬೇಡ ಅನ್ನುತ್ತಾಳೆ. ಅವಳ ಗೆಳತಿ ಶಾರ್ಲೆಟ್‌ಗೆ 27 ವರ್ಷ, ಅವಳು ಅದೇ ಗಂಡನ್ನು ಒಪ್ಪಿಕೊಳ್ಳುತ್ತಾಳೆ. ತಲೆಯ ಮೇಲೆ ಒಂದು ಸೂರು ಬೇಕಲ್ಲ. ಇಬ್ಬರಲ್ಲಿ ಯಾರು ತಪ್ಪು ಅಂತ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ವರದಕ್ಷಿಣೆ ಮಾತುಕತೆ ಕೇಳಿಸಿಕೊಂಡು ಬೆಳೆದ ನಮಗೆ ಈ ಕಥೆ ಬಹಳ ಹತ್ತಿರ.

‘ಕೊನೆ ಏನಾಗುತ್ತೆ ಅಂತ ಮೊದಲೇ ಗೊತ್ತಲ್ಲ, ಅದರಲ್ಲೇನಿದೆ?’ ಅಂತಲೂ ಕೇಳುತ್ತಾರೆ. ಯಕ್ಷಗಾನಕ್ಕೆ ಹೋದವರಿಗೆ ಯಾರು ಗೆಲ್ಲುತ್ತಾರೆ ಅಂತ ಗೊತ್ತಿಲ್ಲವೇ? ಗೊತ್ತಿದ್ದೂ ಬೆಳಗಿನವರೆಗೆ ಕೂರುತ್ತಾರೆ. ಮಾತು ಹೇಗೆ ಕಟ್ಟುತ್ತಾರೆ, ಇವತ್ತಿನ ಪಾತ್ರಧಾರಿ ಆ ಜಾಗವನ್ನು ಹೇಗೆ ನಿಭಾಯಿಸುತ್ತಾನೆ ಅನ್ನೋದೇ ಕುತೂಹಲ.

ಹಾಗಂತ ಎಲ್ಲವೂ ಒಳ್ಳೆಯವು ಅಂತ ನಾನು ಹೇಳುವುದಿಲ್ಲ. ವಾರಪತ್ರಿಕೆಗೆ ವಾರಕ್ಕೊಂದು ಕಂತು ಬರೆದು, ‘ಮುಂದುವರಿಯುವುದು’ ಅಂತ ಎಳೆದ ಕಾದಂಬರಿಗಳಲ್ಲಿ ನೀರು ಜಾಸ್ತಿ ಇರುತ್ತದೆ. ಹೆಸರು, ಊರು ಬದಲಾಯಿಸಿ ಅದೇ ಕಥೆ ಮತ್ತೆ ಬರುತ್ತದೆ. ಅದರಿಂದ ಹೋಗುವುದು ಒಂದು ಸಂಜೆ, ಅಷ್ಟೇ. ಇನ್ನೊಂದು ಬಗೆಯ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ನಾಯಕ ಕೆನ್ನೆಗೆ ಹೊಡೆಯುತ್ತಾನೆ, ಬೇಡ ಅಂದರೂ ಹಿಂದೆ ಬೀಳುತ್ತಾನೆ, ಅವಳ ಕೆಲಸ ಬಿಡಿಸುತ್ತಾನೆ. ಕೊನೆಗೆ ಅದಕ್ಕೆಲ್ಲ ‘ಪ್ರೀತಿ ಜಾಸ್ತಿ, ಅದಕ್ಕೇ’ ಅಂತ ಕಾರಣ ಕೊಡಲಾಗುತ್ತದೆ. ನನಗೆ ಇಂಥವು ಹಿಡಿಸುವುದಿಲ್ಲ. ನಾನು ಪುಸ್ತಕ ಆರಿಸುವಾಗ ಒಂದೇ ಜಾಗ ಹುಡುಕುತ್ತೇನೆ: ನಾಯಕಿ ‘ಬೇಡ’ ಅಂದಾಗ ಮುಂದಿನ ಪುಟದಲ್ಲಿ ಏನಾಗುತ್ತದೆ? ಆ ಮಾತಿಗೆ ಬೆಲೆ ಇದ್ದರೆ ಪುಸ್ತಕ ಮನೆಗೆ ತರುತ್ತೇನೆ.

ಕಾರಂತರನ್ನೂ ಓದಿ, ಖಂಡಿತ ಓದಿ. ಅದಕ್ಕಾಗಿ ಇದನ್ನು ಬಿಡಬೇಕಾಗಿಲ್ಲ. ಇಡೀ ದಿನ ಕೌಂಟರಿನಲ್ಲಿ ಬೇರೆಯವರ ಲೆಕ್ಕ ನೋಡಿ, ಮನೆಗೆ ಬಂದು ಮನೆಯವರದ್ದೆಲ್ಲ ನೋಡಿ, ಕೊನೆಗೆ ಉಳಿದ ಒಂದು ಗಂಟೆ ಅದು. ಪತ್ತೇದಾರಿ ಕಾದಂಬರಿ ಓದುವ ಗಂಡಸರನ್ನು ‘ಪ್ರಯೋಜನ ಏನು’ ಅಂತ ಯಾರೂ ಕೇಳುವುದಿಲ್ಲ. ನೀವೂ ಉತ್ತರ ಕೊಡಬೇಕಾಗಿಲ್ಲ.

ಪ್ರಶ್ನೆ: ಮಗಳಿಗೆ 15 ವರ್ಷ. ಮೊಬೈಲಿನಲ್ಲಿ ಪ್ರೇಮಕಥೆಗಳನ್ನು ಓದುತ್ತಾಳೆ, ರಾತ್ರಿ ಹನ್ನೆರಡಾದರೂ ಬಿಡುವುದಿಲ್ಲ. ಹತ್ತಿರ ಹೋದರೆ ಸ್ಕ್ರೀನ್ ಆಫ್ ಮಾಡುತ್ತಾಳೆ. ಮೊಬೈಲ್ ಕಿತ್ತುಕೊಳ್ಳಲಾ?

ಉತ್ತರ: ನಿದ್ದೆಯ ವಿಷಯ ಬೇರೆ, ಓದಿನ ವಿಷಯ ಬೇರೆ. ಎರಡನ್ನೂ ಒಂದೇ ಬೈಗುಳದಲ್ಲಿ ಸೇರಿಸಬೇಡಿ. ಹತ್ತು ಗಂಟೆಯ ಮೇಲೆ ಮನೆಯ ಎಲ್ಲರ ಮೊಬೈಲೂ ಹಾಲಿನಲ್ಲಿರಲಿ, ನಿಮ್ಮದೂ ಸೇರಿ.

ಓದಿನ ವಿಷಯಕ್ಕೆ ಬಂದರೆ, ‘ಏನು ಓದ್ತಾ ಇದ್ದೀಯಾ’ ಅಂತ ತನಿಖೆ ಮಾಡುವ ಧ್ವನಿಯಲ್ಲಿ ಕೇಳಬೇಡಿ. ‘ನಂಗೂ ಒಂದು ಕಥೆ ಹೇಳೇ’ ಅನ್ನಿ. ಮೊದಲ ಸಲ ಹೇಳಲಿಕ್ಕಿಲ್ಲ. ನಾಲ್ಕನೇ ಸಲ ಹೇಳುತ್ತಾಳೆ, ಬಟಾಣಿ ಬಿಡಿಸುತ್ತಾ ಕೂತಾಗಲೋ ಬಸ್ಸಿಗೆ ಕಾಯುವಾಗಲೋ. ಕೇಳಿಸಿಕೊಳ್ಳಿ. ನಾಯಕ ಅವಳ ಫೋನ್ ಚೆಕ್ ಮಾಡುತ್ತಾನೆ ಅಂತ ಕಥೆಯಲ್ಲಿ ಬಂದರೆ, ‘ನಿನಗೆ ಹಾಗೆ ಯಾರಾದರೂ ಮಾಡಿದರೆ ಇಷ್ಟ ಆಗುತ್ತಾ?’ ಅಂತ ಒಂದೇ ಪ್ರಶ್ನೆ ಕೇಳಿ, ಸುಮ್ನಿರಿ. ನೇರವಾಗಿ ಮಾತಾಡಲು ಇಬ್ಬರಿಗೂ ಮುಜುಗರವಾಗುವ ವಿಷಯವನ್ನು ಕಥೆಯ ಹುಡುಗಿಯ ನೆಪದಲ್ಲಿ ಮಾತಾಡಬಹುದು. ಅವಳ ವಯಸ್ಸಿಗೆ ಮೀರಿದ ವಿವರಗಳಿರುವ ಕಥೆ ಕಂಡರೆ, ‘ಇದು ಈಗ ಬೇಡ’ ಅಂತ ಕಾರಣ ಕೊಟ್ಟು ಹೇಳಿ. ಕಿತ್ತುಕೊಂಡರೆ ಗೆಳತಿಯ ಮೊಬೈಲಿನಲ್ಲಿ ಓದುತ್ತಾಳೆ, ನಿಮಗೆ ಕಥೆ ಹೇಳುವುದು ಮಾತ್ರ ನಿಂತುಹೋಗುತ್ತದೆ.

ಪ್ರಶ್ನೆ: ನಾನು 29ರ ಹುಡುಗ. ಮದುವೆ ಗೊತ್ತಾಗಿದೆ. ಹುಡುಗಿ ಪ್ರೇಮ ಕಾದಂಬರಿಗಳನ್ನು ಬಹಳ ಓದುತ್ತಾರಂತೆ. ನಾನೂ ಓದಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಓದಿ. ಯಾವುದು ಅಂತ ನನ್ನನ್ನು ಕೇಳುವ ಬದಲು ಅವರನ್ನೇ ಕೇಳಿ, ಅವರಿಗೆ ತುಂಬಾ ಇಷ್ಟವಾದ ಒಂದು ಪುಸ್ತಕ ಇಸ್ಕೊಳ್ಳಿ. ಅಂಚಿನಲ್ಲಿ ಪೆನ್ಸಿಲ್ ಗುರುತಿದ್ದರೆ ಆ ಪುಟವನ್ನು ಎರಡು ಸಲ ಓದಿ.